ಬೀಗ ಹಾಕಿಟ್ಟ ಹಾಡು

ನಿವೃತ್ತಿಯ ನಂತರ ನಾನು ನೆಲೆಸಿರುವುದು ಕಿತ್ತೂರಿನ ನೆರೆಯ ದೇಗಾಂವದಲ್ಲಿ. ಹನ್ನೆರಡನೆಯ ಶತಮಾನದ ಕಮಲನಾರಾಯಣ ದೇವಾಲಯ ಈ ಊರಿನ ಹೆಮ್ಮೆ. ಇಲ್ಲಿ ಕುಳಿತೇ, ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯವು ಕೋರ್ಸೆರಾ ಜಾಲತಾಣದ ಮೂಲಕ ರೂಪಿಸಿದ ಬೀಟಲ್ಸ್ ಸಂಗೀತದ ಪಾಠಗಳನ್ನು ಮುಗಿಸಿದೆ. ಬೋಧಕರು ಪ್ರೊ. ಜಾನ್ ಕೋವಾಕ್.

ಈ ವ್ಯಾಸಂಗದ ಹಿಂದೆ ಒಂದು ಪಶ್ಚಾತ್ತಾಪವಿದೆ. ಸೇವೆಯಲ್ಲಿದ್ದಾಗ, ಮಗ ಕೇಳುತ್ತಿದ್ದ ಬೀಟಲ್ಸ್ ಕ್ಯಾಸೆಟ್ಟನ್ನು ಗದ್ದಲವೆಂದು ಜರೆದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ.

1962ರ ‘ಲವ್ ಮಿ ಡೂ’ದಿಂದ 1970ರ ಒಡಕಿನವರೆಗೆ ಎಂಟೇ ವರ್ಷ. ಅಷ್ಟರಲ್ಲಿ ಹಾಡಿನ ಕಸುಬುದಾರರು ಕಲಾವಿದರಾಗಿ ಬೆಳೆದ ಬಗೆಯನ್ನು ಈ ಪಾಠಗಳು ಬಿಡಿಸಿ ತೋರಿಸುತ್ತವೆ. 1966ರ ‘ಟುಮಾರೊ ನೆವರ್ ನೋಸ್’ ಕೇಳಿ ಬೆರಗಾದೆ. ತಳದಲ್ಲಿ ತಂಬೂರಿಯ ನಾದ. ಇಡೀ ಹಾಡು ಒಂದೇ ಆಧಾರ ಷಡ್ಜದ ಮೇಲೆ ನಿಂತಿದೆ. ಧಾರವಾಡ ಸೀಮೆಯ ಕಿವಿಗೆ ಇದು ಪರಕೀಯವೇ? ಅದೇ ವರ್ಷ ಜಾರ್ಜ್ ಹ್ಯಾರಿಸನ್ ರವಿಶಂಕರರಲ್ಲಿ ಸಿತಾರ್ ಕಲಿಯಲು ಭಾರತಕ್ಕೆ ಬಂದರು. ಲೋಕವೇ ಕೊಂಡಾಡುತ್ತಿದ್ದ ಯುವಕ ವಿದ್ಯಾರ್ಥಿಯಾಗಲು ನಾಚಲಿಲ್ಲ. ಕುರ್ಚಿಯ ಮೇಲಿದ್ದ ನನಗೆ ಒಂದು ಹಾಡನ್ನು ಪೂರ್ತಿ ಕೇಳುವ ವ್ಯವಧಾನವೂ ಇರಲಿಲ್ಲ.

ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಗಾಯನವನ್ನೂ ಇದೇ ಶ್ರದ್ಧೆಯಿಂದ, ಕನ್ನಡದಲ್ಲಿ, ಮನೆಮನೆಗೆ ತಲುಪಿಸುವ ಹೊಣೆ ನಮ್ಮ ವಿಶ್ವವಿದ್ಯಾಲಯಗಳದ್ದು. ಕೇಳಲು ಕಲಿಯದವರು ಪರರದನ್ನಷ್ಟೇ ಅಲ್ಲ, ತಮ್ಮದನ್ನೂ ಕಳೆದುಕೊಳ್ಳುತ್ತಾರೆ.

ಪಾಠ ಮುಗಿದ ದಿನ ಮಗನಿಗೆ ಫೋನ್ ಮಾಡಿ ಆ ಹಾಡಿನ ಕುರಿತು ಮಾತನಾಡಿದೆ. ಕೊಂಚ ಹೊತ್ತು ಸುಮ್ಮನಿದ್ದ ಅವನು ಕೇಳಿದ್ದು ಒಂದೇ: ‘ಅಪ್ಪ, ಆ ಕ್ಯಾಸೆಟ್ ಇನ್ನೂ ಇದೆಯೇ?’