ಅಂಧ ಪಥಿಕನ ಹೆಗಲ ಮೇಲಿನ ಜಿಪಿಎಸ್: ಕೆಲವು ನಂಬಿಕೆಗಳೂ ಅವುಗಳ ನಿಜಸ್ಥಿತಿಯೂ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಎಷ್ಟೋ ಸಂಜೆ ನನ್ನ ಜೊತೆಗೆ ನಡೆದಿರುವ ಹಿರಿಯ ಮಿತ್ರರೊಬ್ಬರಿದ್ದಾರೆ. ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಅವರು, ಬಲಗೈಯ ಬಿಳಿಯ ಕೋಲನ್ನು ನೆಲದ ಮೇಲೆ ಅತ್ತಿತ್ತ ಆಡಿಸುತ್ತ, ವಿದ್ಯುತ್ ಮಗ್ಗಗಳ ಸದ್ದು ಯಾವ ಮಗ್ಗುಲಿನಿಂದ ಬರುತ್ತಿದೆ, ಎಲ್ಲಿ ಅದು ತಗ್ಗುತ್ತದೆ, ಎಲ್ಲಿ ಗೋಡೆ ಮುಗಿದು ಓಣಿಯ ಬಾಯಿ ತೆರೆದು ಗಾಳಿ ಕೆನ್ನೆಗೆ ತಗಲುತ್ತದೆ ಎಂಬಿವನ್ನೆಲ್ಲ ಗಣಿಸಿಕೊಂಡು, ನನಗಿಂತ ನಿಶ್ಚಿತವಾದ ಹೆಜ್ಜೆಗಳನ್ನಿಡುತ್ತಾರೆ. ಅವರ ಎಡಹೆಗಲಿನ ಮುಂಭಾಗದಲ್ಲಿ, ಚೀಲದ ಪಟ್ಟಿಗೆ ದರ್ಜಿಯೊಬ್ಬನಿಂದ ಹೊಲಿಸಿಕೊಂಡ ಚಿಕ್ಕ ಜೇಬಿನೊಳಗೆ, ಜಿಪಿಎಸ್ ಇರುವ ಮೊಬೈಲು ನೆಟ್ಟಗೆ ನಿಂತಿರುತ್ತದೆ. ದಾರಿಯಲ್ಲಿ ಎದುರಾದವರು ಅದನ್ನು ಕಂಡು ಏನಾದರೊಂದು ಹೇಳದೆ ಹೋಗುವುದು ಅಪರೂಪ. “ಇನ್ನು ಕೋಲು ಯಾತಕ್ಕೆ ಸ್ವಾಮಿ, ಉಪಗ್ರಹವೇ ದಾರಿ ತೋರಿಸುತ್ತಲ್ಲ” ಎನ್ನುವವರು ಒಬ್ಬರಾದರೆ, “ಒಳಜೇಬಿಗೆ ಹಾಕ್ಕೊಳ್ಳಿ, ಕಿತ್ಕೊಂಡು ಹೋದಾರು” ಎನ್ನುವವರು ಮತ್ತೊಬ್ಬರು. “ಗಟ್ಟಿ ದಾರ ಕಟ್ಟಿ ಕೊರಳಿಗೇ ಹಾಕ್ಕೊಂಡುಬಿಡಿ” ಎನ್ನುವವರು ಇನ್ನೊಬ್ಬರು. ಈ ಮೂರು ಮಾತುಗಳಲ್ಲಿಯೂ ವಾತ್ಸಲ್ಯವಿದೆ. ಆದರೆ ಮೂರನ್ನೂ ಅಕ್ಷರಶಃ ಪಾಲಿಸಿದ್ದೇ ಆದರೆ ಅವರ ಪ್ರಯಾಣವು ಅಪಾಯಕ್ಕೆ ಈಡಾದೀತೇ ವಿನಾ ಸುರಕ್ಷಿತವಾಗದು.

ಮೊದಲನೆಯ ಮಾತನ್ನೇ ತೆಗೆದುಕೊಳ್ಳೋಣ. ಜಿಪಿಎಸ್ ಗ್ರಾಹಕವು ದಾರಿಯನ್ನು ನೋಡುವುದಿಲ್ಲ. ಅದಕ್ಕೆ ಕಣ್ಣೆಂಬುದಿಲ್ಲ, ಕಿವಿಯೊಂದೇ ಇರುವುದು. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸಂಚರಿಸುವ ಉಪಗ್ರಹಗಳು ಬಿತ್ತರಿಸುವ ಕಾಲಸಂಕೇತಗಳನ್ನು ಕೇಳಿಸಿಕೊಂಡು, ಕನಿಷ್ಠ ನಾಲ್ಕು ಉಪಗ್ರಹಗಳಿಂದ ಬಂದ ಸಂಕೇತಗಳು ಎಷ್ಟೆಷ್ಟು ತಡವಾಗಿ ತಲುಪಿದುವೆಂಬುದನ್ನು ಹೋಲಿಸಿ, ಅದು ತನ್ನ ಸ್ಥಾನವನ್ನು ಗಣಿಸುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಲೆಕ್ಕ ತಪ್ಪಿದರೂ ದೂರದಲ್ಲಿ 300 ಮೀಟರಿನ ವ್ಯತ್ಯಾಸವಾಗುವ ಈ ಗಣಿತದಲ್ಲಿ, ಬಟ್ಟಬಯಲಿನಲ್ಲಿ ನಿಂತಾಗಲೂ ಮೊಬೈಲಿನ ಉತ್ತರವು ಸುಮಾರು 5 ಮೀಟರಿನಷ್ಟು ಅತ್ತಿತ್ತ ಇರುವುದು ಸಹಜ. ಐದು ಮೀಟರೆಂದರೆ ಹೊಸಕೋಟೆಯಲ್ಲಿ ಹೆದ್ದಾರಿಗೂ ಅದರ ಪಕ್ಕದ ಸರ್ವಿಸ್ ರಸ್ತೆಗೂ ನಡುವೆ ಇರುವ ಭೇದ. ಕಾರಿನಲ್ಲಿ ಕುಳಿತವನಿಗೆ ಅದು ಅಲ್ಪ, ಕಾಲ್ನಡೆಯ ಅಂಧನಿಗೆ ಅದೇ ಜೀವನ್ಮರಣದ ಅಂತರ. ಚರಂಡಿಯ ಮೇಲಿನ ಚಪ್ಪಡಿ ಸರಿದಿರುವುದನ್ನಾಗಲಿ, ಅಂಗಡಿಯವನು ಕಾಲುದಾರಿಗೆ ಚಾಚಿದ ಹಲಗೆಯನ್ನಾಗಲಿ, ನಿಲ್ಲಿಸಿಟ್ಟ ಬೈಕನ್ನಾಗಲಿ ಯಾವ ಉಪಗ್ರಹವೂ ಅರಿಯದು. ಅದನ್ನು ಅರಿಯುವುದು ಕೋಲು. 1944ರ ಸುಮಾರಿಗೆ ಅಮೆರಿಕದ ಸೈನಿಕ ಆಸ್ಪತ್ರೆಯೊಂದರಲ್ಲಿ ರಿಚರ್ಡ್ ಹೂವರ್ ಎಂಬವರು, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಯೋಧರಿಗಾಗಿ, ಉದ್ದದ ಕೋಲನ್ನು ಹೆಜ್ಜೆಹೆಜ್ಜೆಗೂ ಎಡಬಲಕ್ಕೆ ಆಡಿಸುವ ಕ್ರಮವನ್ನು ರೂಪಿಸಿದರು; ಜಿಪಿಎಸ್ ಬಂದ ಮೇಲೂ ಆ ಕ್ರಮಕ್ಕೆ ಚ್ಯುತಿ ಬಂದಿಲ್ಲ, ಬರಕೂಡದು. ‘ಮುಂದಿನ ತಿರುವಿನಲ್ಲಿ ಅಂಚೆ ಕಚೇರಿಯಿದೆ’ ಎಂದು ಯಂತ್ರ ಹೇಳಬಲ್ಲದು. ‘ಈ ಹೆಜ್ಜೆಯನ್ನು ಇಡಬಹುದು’ ಎಂದು ಹೇಳುವ ಅಧಿಕಾರ ಕೋಲಿನದು.

ಇನ್ನು ಒಳಜೇಬಿನ ಮಾತು. ಯಂತ್ರವನ್ನು ಎಲ್ಲಿಟ್ಟರೇನು, ಅದು ಕೆಲಸ ಮಾಡಿಯೇ ಮಾಡುತ್ತದೆ ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದೆ. ಆದರೆ ಅಷ್ಟು ದೂರದಿಂದ ಬರುವ ಸಂಕೇತವು ನಮ್ಮನ್ನು ಮುಟ್ಟುವ ಹೊತ್ತಿಗೆ ಎಷ್ಟು ಕ್ಷೀಣವಾಗಿರುತ್ತದೆಂದರೆ, ಅದರ ಬಲವು ಒಂದು ವ್ಯಾಟಿನ ಕೋಟಿ ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ. ಹಾಗಿದ್ದರೂ ಖಾದಿಯೋ ರೇಷ್ಮೆಯೋ ತೊಗಲೋ ಪ್ಲಾಸ್ಟಿಕ್ಕೋ ಅದನ್ನು ತಡೆಯಲಾರವು. ಮೋಡ ಕವಿದರೆ ಉಪಗ್ರಹ ಕಾಣದೆಂದು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟಾದರೂ ಮೋಡಕ್ಕೂ ಈ ಅಲೆಗಳನ್ನು ತಡೆಯುವ ಶಕ್ತಿಯಿಲ್ಲ. ನಮ್ಮ ಮೈಬಳಿಯಲ್ಲಿ ತಡೆಯತಕ್ಕವು ಮುಖ್ಯವಾಗಿ ಎರಡು: ಲೋಹ ಮತ್ತು ನೀರು. ಮನುಷ್ಯದೇಹದ ಬಹುಭಾಗ ನೀರೇ ಆದ್ದರಿಂದ, ಸೊಂಟದ ಹಿಂದೆ ಸಿಕ್ಕಿಸಿದ ಗ್ರಾಹಕಕ್ಕೆ ಮುಂದಿನ ಅರ್ಧ ಆಕಾಶವನ್ನು ಆ ದೇಹವೇ ಮರೆಮಾಡುತ್ತದೆ. ಕೈಚೀಲದಲ್ಲಿ ಸ್ಟೀಲಿನ ಊಟದ ಡಬ್ಬಿಯ ಕೆಳಗೆ ಬಿದ್ದಿರುವ ಮೊಬೈಲಂತೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತೆಯೇ ಸರಿ. ದೇವನಹಳ್ಳಿಯವರಿಗೆ ಇದನ್ನು ತಿಳಿಸಲು ಕಣ್ಣಳತೆಯಲ್ಲಿಯೇ ದೃಷ್ಟಾಂತವಿದೆ: 2008ರಿಂದ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹಗಲಿರುಳೂ ಇಳಿಯುತ್ತಿರುವ ವಿಮಾನಗಳು ತಮ್ಮ ಉಪಗ್ರಹ ಸಂಕೇತದ ಆಂಟೆನವನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡಿರುವುದಿಲ್ಲ, ಬೆನ್ನಿನ ಮೇಲೆ, ಆಕಾಶಕ್ಕೆ ಮುಖವಾಗಿ ಧರಿಸಿರುತ್ತವೆ. ಮನುಷ್ಯನ ದೇಹದಲ್ಲಿ ಅದಕ್ಕೆ ಸಮನಾದ ಎಡೆ ಹೆಗಲು, ಇಲ್ಲವೆ ಎದೆಯ ಮೇಲ್ಭಾಗ.

ಇಂಥ ಯಂತ್ರವನ್ನು ಮೈಮೇಲೆ ಧರಿಸುವುದು ಇಂದಿನ ಮಾತಲ್ಲ. ಅಂಧರಿಗೆ ಉಪಗ್ರಹ ಸಂಕೇತದಿಂದ ದಾರಿ ಹೇಳಬಹುದೆಂಬ ಆಲೋಚನೆಯನ್ನು 1985ರಲ್ಲಿ ಮುಂದಿಟ್ಟವರು ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಜ್ಯಾಕ್ ಲೂಮಿಸ್; ಅವರೊಡನೆ ದುಡಿದ ಭೂಗೋಳಜ್ಞ ರೆಜಿನಾಲ್ಡ್ ಗಾಲೆಜ್ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರು. ಅವರ ಮೊದಲ ಯಂತ್ರಗಳನ್ನು ಬೆನ್ನಚೀಲದಲ್ಲಿ ಹೊರಬೇಕಾಗಿತ್ತು. 2000ದ ಮೇ ತಿಂಗಳಲ್ಲಿ ಅಮೆರಿಕವು ನಾಗರಿಕ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿದ ಮೇಲೆಯೇ ಈ ವಿದ್ಯೆ ಪಾದಚಾರಿಗೆ ನಿಜವಾಗಿ ಉಪಯುಕ್ತವಾಯಿತು. ಮೂರು ವರ್ಷಗಳೊಳಗೆ ಕೆನಡಾದಿಂದ ಟ್ರೆಕ್ಕರ್ ಎಂಬ, ಮೈಮೇಲೆ ಧರಿಸುವ ಮಾತಾಡುವ ಯಂತ್ರ ಬಂತು. ಇಂದು ಅದೆಲ್ಲವೂ ಮೊಬೈಲಿನೊಳಗೆ ಅಡಗಿದೆ. ಯಂತ್ರ ಅಂಗೈಯಷ್ಟಾಯಿತೆಂದು ನಾವು ಅದನ್ನು ಕೈಯಲ್ಲಿಯೇ ಹಿಡಿಯತೊಡಗಿದೆವು. ಆದರೆ ಒಂದು ಕೈ ಕೋಲಿಗೆ ಮೀಸಲಾದವನು ಇನ್ನೊಂದನ್ನೂ ಫೋನಿಗೆ ಒಪ್ಪಿಸಿದರೆ, ಬಸ್ಸಿನ ಕಂಬಿಯನ್ನು ಯಾವ ಕೈಯಿಂದ ಹಿಡಿಯಬೇಕು?

ಇಲ್ಲಿಯೇ ಬಹು ಮಂದಿ ಅರಿಯದ ಒಂದು ಸೂಕ್ಷ್ಮವಿದೆ. ಜಿಪಿಎಸ್‌ಗೆ ನಾವು ಎಲ್ಲಿದ್ದೇವೆಂಬುದು ಗೊತ್ತಾಗುತ್ತದೆಯೇ ಹೊರತು ನಿಂತಲ್ಲಿ ನಾವು ಯಾವ ಕಡೆಗೆ ಮುಖಮಾಡಿದ್ದೇವೆಂಬುದು ಗೊತ್ತಾಗುವುದಿಲ್ಲ. ನಡೆಯತೊಡಗಿದಾಗ ಮಾತ್ರ, ಹಿಂದಿನ ಸ್ಥಾನವನ್ನೂ ಇಂದಿನದನ್ನೂ ಹೋಲಿಸಿ, ಅದು ದಿಕ್ಕನ್ನು ಊಹಿಸುತ್ತದೆ. ನಿಂತಾಗ ದಿಕ್ಕು ಹೇಳುವುದು ಮೊಬೈಲಿನಲ್ಲಿರುವ ಪ್ರತ್ಯೇಕವಾದ ದಿಕ್ಸೂಚಿ. ಅದು ಭೂಮಿಯ ಅಯಸ್ಕಾಂತ ಬಲವನ್ನು ಅವಲಂಬಿಸಿದ ಸುಕುಮಾರ ಅಂಗ. ಇದನ್ನರಿಯದೆ ನನ್ನ ಮಿತ್ರರು ಮೊದಲು ಕೊಂಡಿದ್ದ ಅಂದವಾದ ಫೋನಿನ ಚೀಲಕ್ಕೆ ಅಯಸ್ಕಾಂತದ ಗುಂಡಿಯಿತ್ತು. ಮುಚ್ಚಳ ಮುಚ್ಚಿದರೆ ‘ಟಕ್’ ಎಂದು ತಾನೇ ಕೂರುತ್ತಿತ್ತು, ಕಣ್ಣಿಲ್ಲದವರಿಗೆ ಬಹಳ ಅನುಕೂಲವೆನಿಸಿತ್ತು. ಆದರೆ ಬಸ್ ನಿಲ್ದಾಣದಲ್ಲಿ ಇಳಿದು ನಿಂತಾಗಲೆಲ್ಲ ಯಂತ್ರವು ಪೂರ್ವವನ್ನು ದಕ್ಷಿಣವೆನ್ನುತ್ತಿತ್ತು. ದೋಷ ಉಪಗ್ರಹದ್ದೆಂದು ತಿಂಗಳುಗಟ್ಟಲೆ ಭಾವಿಸಿದ್ದರು. ಕೊನೆಗೆ ದರ್ಜಿಯು ಆ ಗುಂಡಿಯನ್ನು ಕತ್ತರಿಸಿ ತೆಗೆದು ಅಲ್ಲಿ ಅಂಟುಪಟ್ಟಿ, ಎಂದರೆ ವೆಲ್ಕ್ರೋ, ಹೊಲಿದ ದಿನ ದಿಕ್ಕುಗಳು ಸ್ವಸ್ಥಾನಕ್ಕೆ ಮರಳಿದುವು. ಕೊರಳಿನಿಂದ ತೂಗಾಡುವ ಫೋನಿನಲ್ಲಿಯೂ ಇದೇ ಬಗೆಯ ತೊಂದರೆ: ಹೆಜ್ಜೆಗೊಮ್ಮೆ ಅದು ತಿರುಗಿ ಹೊರಳುವಾಗ ಮನುಷ್ಯನೇ ತಿರುಗಿದನೆಂದು ಅದು ತಿಳಿಯುತ್ತದೆ. ಆದುದರಿಂದ ಯಂತ್ರವು ದೇಹಕ್ಕೆ ಒತ್ತಿ, ಅಲುಗಾಡದೆ, ಸದಾ ಒಂದೇ ಭಂಗಿಯಲ್ಲಿರಬೇಕು. ಕೋಲು ಆಡಿಸುವ ತೋಳು ಸದಾ ಚಲಿಸುವುದರಿಂದ ಎದುರು ಹೆಗಲೇ ಲೇಸು.

ಕೊರಳಿನ ಗಟ್ಟಿ ದಾರದ ವಿಷಯವನ್ನು ನಾನು ಒತ್ತಿ ಹೇಳಬೇಕಾಗಿದೆ. ದಾರ ಗಟ್ಟಿಯಾದಷ್ಟೂ ಕ್ಷೇಮವೆಂಬುದು ವಸ್ತುವಿನ ಮಟ್ಟಿಗೆ ನಿಜ, ಮನುಷ್ಯನ ಮಟ್ಟಿಗೆ ಸುಳ್ಳು. ಬೈಕಿನಲ್ಲಿ ಬಂದವನು ಸರ ಕಿತ್ತಂತೆ ಫೋನನ್ನು ಎಳೆದರೆ, ಹರಿಯದ ನೈಲಾನು ದಾರವು ಕೊರಳನ್ನೇ ಎಳೆಯುತ್ತದೆ. ಬಸ್ಸಿನ ಬಾಗಿಲ ಕಂಬಿಗೆ ಅದು ಸಿಕ್ಕಿಕೊಂಡ ಕ್ಷಣದಲ್ಲಿ ಬಸ್ಸು ಹೊರಟರೆ ಆಗತಕ್ಕದ್ದನ್ನು ನಾನು ಬರೆಯಲಾರೆ. ಘಾಟಿ ಸುಬ್ರಹ್ಮಣ್ಯದ ಜಾತ್ರೆಯ ನೂಕುನುಗ್ಗಲಿನಲ್ಲಿಯೂ ಅಷ್ಟೆ. ಕೊರಳಿಗೆ ಹಾಕಲೇಬೇಕೆಂದಿದ್ದರೆ ಜೋರಾಗಿ ಎಳೆದೊಡನೆ ತಾನೇ ಬಿಚ್ಚಿಕೊಳ್ಳುವ ಕೊಂಡಿಯಿರಬೇಕು. ಆದರೆ ಕಳವಿಗಿಂತ ನಿತ್ಯದ ಭಯ ಬೇರೆಯದು: ಕೈಜಾರಿ ನೆಲಕ್ಕೆ ಬಿದ್ದ ಫೋನು ಕಣ್ಣಿಲ್ಲದವರಿಗೆ ಎರಡು ಮಾರು ದೂರದಲ್ಲಿದ್ದರೂ ಇಲ್ಲದಂತೆಯೇ. ಅದಕ್ಕಾಗಿ ಗೇಣುದ್ದದ ಒಂದು ದಾರ ಫೋನಿನ ಕವಚದಿಂದ ಚೀಲದ ಪಟ್ಟಿಗೆ ಇರಲಿ. ಅದು ಫೋನಿನ ಭಾರವನ್ನು ತಾಳುವಷ್ಟು ಗಟ್ಟಿಯಾಗಿದ್ದರೆ ಸಾಕು, ಮನುಷ್ಯನ ಭಾರವನ್ನು ತಾಳುವಷ್ಟು ಬೇಡ.

ಎರಡು ಕಿವಿಗೂ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಸೂಚನೆ ಸ್ಪಷ್ಟವಾಗುವುದೆಂಬುದು ಕಣ್ಣುಳ್ಳವರ ಸಲಹೆ. ದೃಷ್ಟಿಯಿಲ್ಲದವರಿಗೆ ಕಿವಿಯೇ ರಸ್ತೆ, ಅದನ್ನು ಮುಚ್ಚಕೂಡದು. ಹೆಗಲ ಮೇಲಿನ ಫೋನಿನ ದನಿಯೇ ಸಾಮಾನ್ಯವಾಗಿ ಸಾಕು, ಮಗ್ಗಗಳ ಸದ್ದಿನ ನಡುವೆ ಸಾಲದಾದಾಗ ಕೆನ್ನೆಯ ಎಲುಬಿನ ಮೂಲಕ ಶಬ್ದವನ್ನು ಒಯ್ಯುವ, ಕಿವಿಯನ್ನು ತೆರೆದೇ ಇಡುವ ಸಾಧನಗಳು ದೊರೆಯುತ್ತವೆ.

ಜಿಪಿಎಸ್ ಧರಿಸಿದವನನ್ನು ಉಪಗ್ರಹವು ಸದಾ ನೋಡುತ್ತಿರುತ್ತದೆಂಬ ಅಂಜಿಕೆಯೂ ಉಂಟು. ಗ್ರಾಹಕವು ಮೇಲಕ್ಕೆ ಏನನ್ನೂ ಕಳುಹಿಸುವುದಿಲ್ಲ; ನಮ್ಮ ಸ್ಥಾನವನ್ನು ಇತರರಿಗೆ ತಿಳಿಸಬಲ್ಲದ್ದು ಅಂತರ್ಜಾಲಕ್ಕೆ ಜೋಡಿಸಿದ ಫೋನು, ಅದರ ಅನುಮತಿ ನಮ್ಮ ಕೈಯಲ್ಲಿದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಶಿವಗಂಗೆಯ ತಪ್ಪಲಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದೆಡೆಯೂ ಸ್ಥಾನ ದೊರೆಯುತ್ತದೆ. ಆದರೆ ಅರಳಿಕಟ್ಟೆ, ಹಾಲಿನ ಡೇರಿ, ನಮ್ಮ ಮನೆಯ ತಿರುವು, ಇವು ಯಾವ ನಕ್ಷೆಯಲ್ಲಿಯೂ ತಾವಾಗಿ ಬರಲಾರವು. ಕಣ್ಣುಳ್ಳವರೊಬ್ಬರು ಒಮ್ಮೆ ಜೊತೆಗೆ ನಡೆದು, ಅಲ್ಲಲ್ಲಿ ನಿಂತು, ಆ ಸ್ಥಾನಗಳನ್ನು ಹೆಸರಿಟ್ಟು ಗುರುತು ಮಾಡಿಸಬೇಕು.

ಹಾಗೆ ಜೊತೆಗೆ ನಡೆಯಲು ಒಂದು ಸಂಜೆಯನ್ನು, ಓದುಗ ಮಹಾಶಯರೇ, ನಿಮ್ಮ ಬೀದಿಯಲ್ಲಿ ಬಿಳಿಯ ಕೋಲು ಹಿಡಿದು ನಡೆಯುವವರಿಗೆ ಕೊಡಿ. ಅವರ ಹೆಗಲ ಮೇಲಿನ ಯಂತ್ರವನ್ನು ಸರಿಪಡಿಸುವೆನೆಂದು ಕೈಹಾಕಬೇಡಿ. ತೋಳು ಬೇಕೇ ಎಂದು ಕೇಳಿ. ಚರಂಡಿಯ ಚಪ್ಪಡಿ ಎಲ್ಲಿ ಸರಿದಿದೆಯೆಂಬುದನ್ನು ‘ಅಲ್ಲಿ’ ಎನ್ನದೆ, ‘ನಿಮ್ಮ ಎಡಕ್ಕೆ, ನಾಲ್ಕು ಹೆಜ್ಜೆ ಮುಂದೆ’ ಎಂದು ಹೇಳಿ.