ದಾದಿಯ ಫೋನಿನಲ್ಲಿ ಒಂದು ಪಾಠಶಾಲೆ



ಆರೋಗ್ಯ ಉಪಕೇಂದ್ರದಲ್ಲಿ ದಾದಿಯು ಫೋನನ್ನು ನೋಡುತ್ತ ಕುಳಿತಿರುವುದನ್ನು ಕಂಡು, ಇದೇನು ಕಾಲಹರಣವೆಂದು ನಿಮ್ಮಲ್ಲಿ ಕೆಲವರು ಆಡಿಕೊಂಡಿರಬಹುದು. ಹಾಗೆ ಆಡುವ ಮುನ್ನ ಆಕೆ ಏನನ್ನು ನೋಡುತ್ತಿರುವಳೆಂದು ವಿಚಾರಿಸಿರಿ. ಅದು ಪಾಠವಾಗಿರಬಹುದು. ಆ ಪಾಠಕ್ಕೂ ನಿಮ್ಮ ಮನೆಯ ಬಾಣಂತಿ, ಹಸುಗೂಸುಗಳ ಕ್ಷೇಮಕ್ಕೂ ನೇರವಾದ ಸಂಬಂಧವುಂಟು.

ಕಲಿತ ವಿದ್ಯೆಯೂ ಹಳತಾಗುತ್ತದೆ

ಬಾವಿ ತೋಡಿದರಷ್ಟೇ ಸಾಲದು, ಆಗಾಗ ಹೂಳೆತ್ತಬೇಕೆಂಬುದನ್ನು ನೀವು ಬಲ್ಲಿರಿ. ವೈದ್ಯಶಾಸ್ತ್ರದ ಮಾತೂ ಹಾಗೆಯೇ. ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಕಟ್ಟಬೇಕು, ಗಾಯವನ್ನು ಕೊಯ್ದು ರಕ್ತ ಹರಿಸಬೇಕು ಎಂದು ಹಿಂದೆ ಹೇಳುತ್ತಿದ್ದರು. ಇವೆರಡೂ ಅಪಾಯಕರ. ಕಚ್ಚಿದ ಅಂಗವನ್ನು ಅಲುಗಾಡಿಸದೆ, ವಿಷನಿರೋಧಕ ಔಷಧಿಯಿರುವ ಆಸ್ಪತ್ರೆಗೆ ಬೇಗ ಸಾಗಿಸುವುದೇ ಇಂದಿನ ಕ್ರಮ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಮಕ್ಕಳ ಭೇದಿಯ ಚಿಕಿತ್ಸೆಯೂ ಬದಲಾಗಿದೆ. ಉಪ್ಪು, ಸಕ್ಕರೆಯ ಅಂಶವನ್ನು ಕಡಿಮೆಮಾಡಿದ ಹೊಸ ಓ.ಆರ್.ಎಸ್. ಜೊತೆಗೆ 10ರಿಂದ 14 ದಿನ ಜಿಂಕ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಒಟ್ಟಾಗಿ ಸಾರಿದವು. ಅದಕ್ಕೂ ಮುಂಚೆ ತರಬೇತಿ ಮುಗಿಸಿದ ದಾದಿಗೆ ಇದನ್ನು ಯಾರು ಹೇಳಬೇಕು? ಆದುದರಿಂದಲೇ ಸೇವೆಯಲ್ಲಿರುವಾಗಲೂ ಕಲಿಯುತ್ತಿರಬೇಕು. ನೋಂದಣಿಯ ನವೀಕರಣಕ್ಕೆ 5 ವರ್ಷಗಳಲ್ಲಿ 150 ಗಂಟೆಗಳ ಕಲಿಕೆಯೆಂದು ಭಾರತೀಯ ಶುಶ್ರೂಷಾ ಪರಿಷತ್ತು ಗೊತ್ತುಮಾಡಿತು.

ಊರು ಬಿಡದೆ ಕಲಿಯುವ ದಾರಿ

ಬಯಲು ಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರವೆಂಬುದು ಸರ್ಕಾರದ ಲೆಕ್ಕ. ಅಲ್ಲಿಯ ದಾದಿ ತರಬೇತಿಗೆಂದು ಜಿಲ್ಲಾ ಕೇಂದ್ರಕ್ಕೆ ಹೋದರೆ ಊರಿನ ಕೆಲಸ ಅಷ್ಟು ದಿನ ಹಿಂದೆ ಬೀಳುತ್ತದೆ. ಫೋನಿನ ಪಾಠದಲ್ಲಿ ಈ ತೊಂದರೆ ಇಲ್ಲ. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಡಿಜಿಟಲ್ ಅಕಾಡೆಮಿಯನ್ನು ಆರಂಭಿಸಿ, ಮನೋರೋಗಿಗಳ ಆರೈಕೆಯನ್ನು ದೂರದಲ್ಲಿರುವ ದಾದಿಯರಿಗೂ ಕಲಿಸತೊಡಗಿತು. 2020ರಲ್ಲಿ ಕೋವಿಡ್ ಬಂದಾಗ ಕೇಂದ್ರ ಸರ್ಕಾರವು ದೀಕ್ಷಾ ವೇದಿಕೆಯ ಮೂಲಕ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಪಾಠ ಒದಗಿಸಿತು.

ದಾದಿಯರ ಮನಸ್ಸಿನಲ್ಲಿ ಏನಿದೆ?

ಬಿಡುವಾದಾಗ ಕಲಿಯಬಹುದು, ತಿಳಿಯದಿದ್ದರೆ ಮತ್ತೊಮ್ಮೆ ನೋಡಬಹುದು ಎಂದು ಮೆಚ್ಚುವ ದಾದಿಯರು ಬಹಳ ಮಂದಿ. ಆದರೆ ಬಿಡುವೇ ಇಲ್ಲವಲ್ಲ ಎಂಬುದು ಅವರ ಅಳಲು. ಹಗಲು ಮನೆಮನೆಯ ಭೇಟಿ, ಲಸಿಕೆ, ದಾಖಲೆ ಬರೆಯುವುದು. ಸಂಜೆ ಮನೆಯ ಅಡಿಗೆ, ಮಕ್ಕಳು. ಪಾಠವು ರಾತ್ರಿಗೆ ಉಳಿಯುತ್ತದೆ. ಹಳ್ಳಿಯಲ್ಲಿ ಸಿಗ್ನಲ್ ಸಿಗದೆ ಪಾಠ ನಡುವೆಯೇ ನಿಲ್ಲುತ್ತದೆ. ಪಾಠ ಇಂಗ್ಲಿಷಿನಲ್ಲಿದ್ದರೆ ಇನ್ನೂ ಕಷ್ಟ. ಹಿರಿಯ ದಾದಿಯರಿಗೆ ಪಾಠದ ಭಯವಿಲ್ಲ, ಯಂತ್ರದ ಅಳುಕುಂಟು. ಪಕ್ಕದಲ್ಲಿ ಕುಳಿತು ಒಂದೆರಡು ಸಾರಿ ತೋರಿಸುವವರಿದ್ದರೆ ಅದೂ ಹೋಗುತ್ತದೆ.

ಅವರ ಇನ್ನೊಂದು ಮಾತು ನ್ಯಾಯವಾದುದು. ಕಸಿ ಕಟ್ಟುವುದನ್ನು ಚಿತ್ರದಲ್ಲಿ ನೋಡಿದ ಮಾತ್ರಕ್ಕೆ ಕೈಗೆ ಬರುತ್ತದೆಯೇ? ಹುಟ್ಟಿದ ಕೂಸು ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ ಚೀಲ ಮತ್ತು ಮುಸುಕಿನ ಸಾಧನದಿಂದ ಉಸಿರು ಕೊಡತೊಡಗಬೇಕು. ಇದನ್ನು ಬೊಂಬೆಯ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿಯೇ ಕಲಿಯಬೇಕು. ಪಾಠವನ್ನು ಓಡಲು ಬಿಟ್ಟು ಪ್ರಮಾಣಪತ್ರ ಪಡೆದರೆ ಕೂಸಿಗೆ ಉಸಿರು ಬಾರದು. ತಿಳಿವಳಿಕೆಗೆ ಫೋನು, ಕೈಚಳಕಕ್ಕೆ ಶಿಬಿರ; ಎರಡೂ ಬೇಕು.

ನೀವು ಮಾಡಬೇಕಾದುದು

1. ದಾದಿಯ ಪಾಠಕ್ಕೆ ವಾರದಲ್ಲಿ ಒಂದು ಗಂಟೆಯನ್ನು ಗೊತ್ತುಮಾಡುವಂತೆ ಆಕೆಯೊಡನೆಯೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೊಡನೆಯೂ ಮಾತನಾಡಿರಿ. ಆ ಹೊತ್ತಿನಲ್ಲಿ ತುರ್ತು ಕೆಲಸಕ್ಕೆ ಹೊರತು ಕರೆಯಬೇಡಿರಿ. ಹೆರಿಗೆ ನೋವು, ಹಾವಿನ ಕಡಿತ, ವಿಷಪ್ರಾಶನಗಳಿಗೆ ಯಾವ ಹೊತ್ತಾದರೂ ಸಂಕೋಚ ಬೇಡ.

2. ಉಪಕೇಂದ್ರದಲ್ಲಿ ಸಿಗ್ನಲ್ ಇಲ್ಲದಿದ್ದರೆ, ಗ್ರಾಮ ಪಂಚಾಯತಿಯ ಕಚೇರಿಯಲ್ಲಾಗಲಿ ಅರಿವು ಕೇಂದ್ರದಲ್ಲಾಗಲಿ ಆಕೆಗೆ ಸ್ಥಳ ಮಾಡಿಕೊಡಿರಿ.

3. ಕೈಯಾರೆ ಅಭ್ಯಾಸದ ಶಿಬಿರಕ್ಕೂ ಆಕೆಯನ್ನು ಕಳುಹಿಸಬೇಕೆಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಕೇಳಿರಿ.

4. ಹೊಸದಾಗಿ ಏನು ಕಲಿತಿರೆಂದು ದಾದಿಯನ್ನು ವಿಚಾರಿಸಿರಿ. ಹಾಲಿನ ಸಂಘದಲ್ಲಾಗಲಿ ಮಹಿಳಾ ಸ್ವಸಹಾಯ ಸಂಘದಲ್ಲಾಗಲಿ ಹತ್ತು ನಿಮಿಷ ಅದನ್ನು ಹೇಳಿಸಿರಿ. ಹೇಳಿಕೊಟ್ಟ ಪಾಠ ಮರೆಯುವುದಿಲ್ಲ, ಕೇಳಿದವರಿಗೂ ಲಾಭ.

ಒಳ್ಳೆಯ ಬೀಜಕ್ಕಾಗಿ ನೀವು ಎಷ್ಟು ದೂರವಾದರೂ ಹೋಗುತ್ತೀರಿ. ಒಳ್ಳೆಯ ತಿಳಿವಳಿಕೆ ದಾದಿಯ ಅಂಗೈಗೇ ಬಂದಿದೆ. ಅದು ಬೇರೂರಲು ಒಂದು ಗಂಟೆಯ ನೆಮ್ಮದಿಯನ್ನು ಆಕೆಗೆ ಕೊಡಿರಿ. ಫಲವು ನಿಮ್ಮ ಮನೆಯ ತೊಟ್ಟಿಲಿಗೇ ಬರುತ್ತದೆ.