ಅಂಗನವಾಡಿಯ ಹಿಂದಿದ್ದ ಮೀನಾ ಸ್ವಾಮಿನಾಥನ್

ಹೊಸೂರಿನ ಆಲಸನತ್ತಂ. ಬೆಳಗಾದರೆ ಅಮ್ಮ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ಹೊರಡಬೇಕು. ಎರಡು ವರ್ಷದ ಕೂಸು ಯಾರ ಹತ್ತಿರ? ಅಕ್ಕನ ಕಂಕುಳಿಗೆ ಹಾಕಿದರೆ ಅವಳ ಶಾಲೆ ತಪ್ಪುತ್ತೆ.

ತಾಯಿಯ ದುಡಿಮೆ, ಕೂಸಿನ ಪಾಲನೆ, ಅಕ್ಕನ ಓದು, ಮೂರನ್ನೂ ಒಟ್ಟಿಗೇ ನೋಡಿ ಅಂದವರು ಮೀನಾ ಸ್ವಾಮಿನಾಥನ್. ದೆಹಲಿಯಲ್ಲಿ ಕಟ್ಟಡ ಕೂಲಿಗಳ ಮಕ್ಕಳನ್ನು ನೋಡಿಕೊಳ್ಳುವ ಮೊಬೈಲ್ ಕ್ರೆಶ್‌ಗಳಲ್ಲಿ ಕೆಲಸ ಮಾಡಿದವರು. ಶಾಲಾಪೂರ್ವ ಮಕ್ಕಳ ಕುರಿತ ಕೇಂದ್ರದ ಅಧ್ಯಯನ ತಂಡಕ್ಕೆ ಅವರೇ ಅಧ್ಯಕ್ಷೆ. ವರದಿ ಬಂದದ್ದು 1972ರಲ್ಲಿ. ಅದರ ತಳಹದಿಯ ಮೇಲೆ 1975ರ ಅಕ್ಟೋಬರ್ 2ಕ್ಕೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರು: ದೇಶದ 33 ಕಡೆ, ಕರ್ನಾಟಕದಲ್ಲಿ ಮೊದಲು ತಿ. ನರಸೀಪುರ.

ಹೊಸೂರಿನಂಥ ನಮ್ಮ ಗಡಿಯಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಮನೆಗಳಲ್ಲಿ ಕನ್ನಡ, ತೆಲುಗು, ಅಂಗನವಾಡಿಯಲ್ಲಿ ತಮಿಳು. ವಾರಕ್ಕೊಮ್ಮೆ ಅಜ್ಜಿಯನ್ನು ಕರೆಸಿ, ಮನೆಮಾತಲ್ಲೇ ಕಥೆ ಹೇಳಿಸಿ. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಟೀಚರಮ್ಮ ಕರೆದರೆ ಸಾಕು.